ಕಿಟಕಿ ಕಡೆ ತಿರುಗಿದ ಯಂತ್ರ

ಸರಾಸರಿ ದರ ಕೈಬಿಟ್ಟು, ಅವರವರ ಹಾಲಿನ ಗುಣಕ್ಕೆ ತಕ್ಕಂತೆ ದುಡ್ಡು ಕೊಡಬೇಕು ಎಂದು ನಮ್ಮ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ ತೀರ್ಮಾನ ಮಾಡಿದ್ದು 2012ರಲ್ಲಿ. ಆಗ ನಾನು ಸಂಘದ ಕಾರ್ಯದರ್ಶಿ. ನಡವಳಿ ಪುಸ್ತಕದಲ್ಲಿ ಆ ತೀರ್ಮಾನ ಕೆಲವೇ ಸಾಲು. ಆ ಸಾಲುಗಳನ್ನು ಊರಲ್ಲಿ ನಡೆಸಿ ನಿಲ್ಲಿಸುವ ಹೊತ್ತಿಗೆ ನಾನೂ ನಮ್ಮ ಹೆಂಗಸರೂ ಪಟ್ಟ ಪಾಡನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಬೇರೆ ಸಂಘಗಳ ಹೊಸ ಕಾರ್ಯದರ್ಶಿಗಳು ಈಗಲೂ ಫೋನ್ ಮಾಡಿ, "ಅಕ್ಕ, ನಿಮ್ಮೂರಲ್ಲಿ ಹೆಂಗ್ ಮಾಡಿದ್ರಿ?" ಅಂತ ಕೇಳುತ್ತಾರೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ.

ನಮ್ಮದು ತಿಪಟೂರು ಕಡೆಯ ಊರು. ತೆಂಗು, ರಾಗಿ, ಮನೆಗೆ ಒಂದೋ ಎರಡೋ ಸೀಮೆ ಹಸು. ಕರ್ನಾಟಕದಲ್ಲಿ ಹಾಲಿನ ಸಹಕಾರ ಸಂಘಗಳು ಬೆಳೆದದ್ದು 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ ಬಂದ ಮೇಲೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಶುರುವಾದ ಪದ್ಧತಿಯೇ ಇಲ್ಲಿಗೂ ಮಾದರಿ. ನಮ್ಮಂಥ ಹೆಂಗಸರದೇ ಸಂಘಗಳು ಆಮೇಲೆ ಹುಟ್ಟಿದವು, ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯ ಕೈ ಹಿಡಿದು. ನಮ್ಮೂರಲ್ಲಿ ಸಂಘ ಆದ ಮೇಲೆ ಎಷ್ಟೋ ಹೆಂಗಸರು ಮೊದಲ ಸಲ ತಮ್ಮ ಹೆಸರಿನ ಪಾಸ್‌ಬುಕ್ ಕಂಡರು. ಮಕ್ಕಳ ಫೀಸು, ಔಷಧಿ, ಹಬ್ಬದ ಸೀರೆ, ಎಲ್ಲಕ್ಕೂ ಹಾಲಿನ ಬಟವಾಡೆಯೇ ಆಧಾರ. ಆ ಬಟವಾಡೆಯ ಲೆಕ್ಕಕ್ಕೇ ನಾವು ಕೈ ಹಾಕಿದ್ದು.

ಹಳೆಯ ಲೆಕ್ಕ ಹೇಗಿತ್ತು ಅಂತ ಮೊದಲು ಹೇಳಬೇಕು. ನಮ್ಮ ಸಂಘದ ಹಾಲು ಕೊಳ್ಳುವ ಒಕ್ಕೂಟದವರು ನಮ್ಮ ಕ್ಯಾನುಗಳಿಂದ ಸ್ಯಾಂಪಲ್ ತೆಗೆದು, ಒಟ್ಟು ಹಾಲಿಗೆ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಇಷ್ಟು ಅಂತ ನೋಡಿ ದರ ಕಟ್ಟುತ್ತಿದ್ದರು. ಬಂದ ದುಡ್ಡನ್ನು ನಾವು ಲೀಟರ್ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ದರದಲ್ಲಿ ಹಂಚುತ್ತಿದ್ದೆವು. ಒಬ್ಬಳ ಹತ್ತು ಲೀಟರ್ ಹಾಲಲ್ಲಿ 4.2 ಫ್ಯಾಟ್, ಇನ್ನೊಬ್ಬಳ ಹತ್ತು ಲೀಟರಿನಲ್ಲಿ 3.0 ಇದ್ದರೆ ಕ್ಯಾನಿನಲ್ಲಿ ಅದು 3.6. ಇಬ್ಬರಿಗೂ 3.6ರ ದುಡ್ಡು. ಸಾಲ ಮಾಡಿ ಹಿಂಡಿ ತಂದು ಹಾಕಿದವಳ ಶ್ರಮ, ಏನೂ ಹಾಕದವಳ ಲೆಕ್ಕಕ್ಕೆ ಹೋಗುತ್ತಿತ್ತು. ಇದು ಅನ್ಯಾಯ ಅಂತ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಎಲ್ಲರಿಗೂ ಒಂದೇ ದರ ಅಂದರೆ ಕೇಳೋದಕ್ಕೆ ನ್ಯಾಯದ ಹಾಗೇ ಕಾಣುತ್ತದೆ.

ಪರೀಕ್ಷೆ ಇರಲಿಲ್ಲ ಅಂತಲ್ಲ. ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುತ್ತಿದ್ದೆವು. ನೀರು ಬೆರೆಸಿದ್ದರೆ ಅದು ಆಳಕ್ಕೆ ಮುಳುಗುತ್ತದೆ. ಆದರೆ ಹಾಲಿನ ಜಿಡ್ಡು ನೀರಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲಿನ ಡಿಗ್ರಿ ಏರುತ್ತದೆ. ಕೆನೆಯನ್ನೂ ತೆಗೆದು ಅಳತೆ ನೋಡಿ ನೀರನ್ನೂ ಬೆರೆಸಿದರೆ ಲ್ಯಾಕ್ಟೋಮೀಟರ್ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಇದು ನಮ್ಮೂರಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತಿತ್ತು. ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇರಬೇಕು ಅನ್ನುವುದು ಆಗಿನ ಕಟ್ಟಳೆ. ನಮ್ಮ ಸಂಘದ ಹಾಲು ಅದಕ್ಕಿಂತ ಕೆಳಗೆ ಇಳಿಯುತ್ತಾ ಬಂತು. ದರ ಕಡಿತ ಆಯಿತು. ಒಂದೆರಡು ಸಲ ಕ್ಯಾನುಗಳು ವಾಪಸ್ ಬಂದವು. ಸಂಜೆ ವಾಪಸ್ ಬಂದ ಹಾಲನ್ನು ಚರಂಡಿಗೆ ಸುರಿದಾಗ, ಹಾಗೆ ಹೋದ ಹಾಲಿನಲ್ಲಿ ಒಳ್ಳೆಯ ಹಾಲು ಹಾಕಿದವರ ಪಾಲೂ ಇತ್ತಲ್ಲ ಅನ್ನುವುದು ನನ್ನನ್ನು ಸುಟ್ಟಿತು. ನಾನು ಗಟ್ಟಿ ಮನಸ್ಸು ಮಾಡಿದ್ದು ಅವತ್ತು.

ಆಗ ಸ್ವಯಂಚಾಲಿತ ಹಾಲು ಶೇಖರಣೆ ಯಂತ್ರಗಳು ಬರುತ್ತಿದ್ದ ಕಾಲ. ತೂಕ, ಪರೀಕ್ಷೆ, ಲೆಕ್ಕ ಎಲ್ಲಾ ಒಂದಕ್ಕೊಂದು ಹೊಂದಿಕೊಂಡಿರುತ್ತದೆ. ಚಿಕ್ಕ ಬಟ್ಟಲಿನ ಹಾಲಿಗೆ ನಳಿಕೆ ಇಟ್ಟರೆ ಒಂದು ನಿಮಿಷದೊಳಗೆ ಫ್ಯಾಟು, ಎಸ್‌ಎನ್‌ಎಫ್ ಪರದೆ ಮೇಲೆ ಬರುತ್ತದೆ, ಚೀಟಿ ಅಚ್ಚಾಗಿ ಕೈಗೆ ಸಿಗುತ್ತದೆ. ಆಡಳಿತ ಮಂಡಳಿಯಲ್ಲಿ ಅಧ್ಯಕ್ಷೆಯೂ ಇನ್ನಿಬ್ಬರೂ ನನ್ನ ಪರ ಗಟ್ಟಿಯಾಗಿ ನಿಂತರು. ಉಳಿದವರು ಹೂಂ ಅಂದರು, ಅಷ್ಟೇ. ಸರ್ವ ಸದಸ್ಯರ ಸಭೆಯಲ್ಲಿ ಗಲಾಟೆ ಆಯಿತು. "ನಮ್ಮನ್ನ ಕಳ್ರು ಅಂತ ತೀರ್ಮಾನ ಮಾಡ್ಕಂಡೇ ಮಿಷನ್ ತರ್ತಾ ಇದೀಯ" ಅಂತ ಒಬ್ಬರು ಎದ್ದರು. ಬೈಗುಳಕ್ಕಿಂತ ನನಗೆ ನೋವಾದದ್ದು ಆ ಮಾತಿಗೆ. ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇತ್ತು. ಒಕ್ಕೂಟದಿಂದ ಬರುತ್ತಿದ್ದ ಪತ್ರಗಳಲ್ಲಿ, ತರಬೇತಿಯಲ್ಲಿ, ನಮ್ಮ ನಮ್ಮ ಮಾತಿನಲ್ಲಿ ಎಲ್ಲಾ ಕಡೆ ಕಲಬೆರಕೆ ತಡೆಯುವುದೊಂದೇ ಸುದ್ದಿಯಾಗಿತ್ತು. ಒಳ್ಳೆ ಹಾಲು ಹಾಕಿದವಳಿಗೆ ಹೆಚ್ಚು ದುಡ್ಡು ಸಿಗುತ್ತದೆ ಅನ್ನುವುದು ಕೊನೇ ಸಾಲಿನಲ್ಲಿ ಬರುತ್ತಿತ್ತು.

ಆ ವರ್ಷ ಬರ ಬೇರೆ. 2012ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟು ರಾಗಿ ಹುಲ್ಲು ಕಟ್ಟಿಗೆ ಕೇಳಿದಷ್ಟು ಬೆಲೆ. ಮೇವಿಲ್ಲದ ಹಸು ಒಳ್ಳೆ ಹಾಲು ಎಲ್ಲಿಂದ ಕೊಡಬೇಕು? ಕರೆಂಟೂ ಇರುತ್ತಿರಲಿಲ್ಲ. ಬ್ಯಾಟರಿ ಮುಗಿದು ಯಂತ್ರ ನಿಂತರೆ ಸಾಲಿನಲ್ಲಿದ್ದವರು ಹಾಲು ಹೊತ್ತುಕೊಂಡು ಕಾಯಬೇಕು, ಆ ಬಿಸಿಲಿಗೆ ಹಾಲು ಹುಳಿಯಾಗುವ ಭಯ. ಒಂದು ಬದಲಾವಣೆ ತರುವುದಕ್ಕೆ ಇದಕ್ಕಿಂತ ಕೆಟ್ಟ ಕಾಲ ಇರಲಿಲ್ಲ. ಮುಂದಿನ ವರ್ಷಕ್ಕೆ ಹಾಕೋಣ ಅಂತ ಮಂಡಳಿಯಲ್ಲಿ ಮಾತು ಬಂತು. ಮುಂದಕ್ಕೆ ಹಾಕಿದ್ದರೆ ಆ ವರ್ಷವೇ ಸಂಘ ಮುಚ್ಚುತ್ತಿತ್ತು ಅನ್ನುವುದು ಈಗಲೂ ನನ್ನ ನಂಬಿಕೆ.

ಹೊಸ ಲೆಕ್ಕದ ಮೊದಲ ಬಟವಾಡೆ ದಿನ ಡೈರಿ ಮುಂದೆ ಜಾತ್ರೆಯಷ್ಟು ಜನ. ಹೆಚ್ಚು ಹಾಲು ಹಾಕುತ್ತಿದ್ದ ಮನೆಗಳಿಗೇ ದುಡ್ಡು ಕಡಿಮೆ ಬಂದಿತ್ತು. ಅದರಲ್ಲಿ ನಮ್ಮ ಮಂಡಳಿಯ ಒಬ್ಬ ನಿರ್ದೇಶಕಿಯ ಮನೆಯೂ ಒಂದು, ನಮ್ಮ ಓರಗಿತ್ತಿಯ ಮನೆಯೂ ಒಂದು. ಒಂದೇ ಹಸು ಇದ್ದ ಹೆಂಗಸರಿಗೆ ನಾಲ್ಕು ಕಾಸು ಜಾಸ್ತಿ ಬಂದಿತ್ತು, ಆದರೆ ಅವರು ಸುಮ್ಮನೆ ದುಡ್ಡು ಎಣಿಸಿಕೊಂಡು ಹೋದರು. ಅವರಲ್ಲಿ ಮುಕ್ಕಾಲು ಪಾಲು ಜನ ಆ ದೊಡ್ಡ ಮನೆಗಳ ತೋಟಕ್ಕೆ ಕೂಲಿಗೆ ಹೋಗುವವರು. ಯಾವ ಬಾಯಲ್ಲಿ ಇದು ಸರಿ ಅಂತಾರೆ? ಕಳೆದುಕೊಂಡವರ ಸದ್ದು ಊರೆಲ್ಲಾ ಕೇಳಿಸಿತು, ಪಡೆದವರ ಸದ್ದು ಹೊರಗೆ ಬರಲೇ ಇಲ್ಲ.

ಆ ವಾರದಲ್ಲೇ ಊರ ಬಾಗಿಲಿಗೆ ಖಾಸಗಿಯವರ ವ್ಯಾನ್ ಬಂದು ನಿಂತಿತು. ಪರೀಕ್ಷೆ ಇಲ್ಲ, ನಮಗಿಂತ ದರ ಹೆಚ್ಚು, ಕೈಗೆ ನಗದು. ಒಬ್ಬೊಬ್ಬರೇ ಹೋದರು, ಆಮೇಲೆ ಓಣಿ ಓಣಿಯೇ ಹೋಯಿತು. ಬೆಳಗ್ಗೆ ಐದೂವರೆಗೆ ನಾನು ಡೈರಿ ಬೀಗ ತೆಗೆದು ಕೂತರೆ, ಹಾಲಿನ ಪಾತ್ರೆ ಹಿಡಿದವರು ನನ್ನ ಮುಂದೆಯೇ ಹಾದು ವ್ಯಾನಿನ ಕಡೆ ಹೋಗುತ್ತಿದ್ದರು. ಕೆಲವರು ಸೆರಗು ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದರು, ಕೆಲವರು ಬೇಕಂತಲೇ ನಿಂತು ನೋಡಿ ಹೋಗುತ್ತಿದ್ದರು. ಕ್ಯಾನು ಅರ್ಧವೂ ತುಂಬದ ದಿನ ಬಂತು. ಹಾಲಿನ ಲಾರಿ ಡ್ರೈವರು, "ಇಷ್ಟಕ್ಕೆ ಈ ರೂಟಿಗೆ ಬರೋದು ಕಷ್ಟ ಕಣಮ್ಮ" ಅಂದ. ಅವನು ಕೆಟ್ಟವನಲ್ಲ, ಡೀಸೆಲ್ ಲೆಕ್ಕ ಹೇಳಿದ.

ನನ್ನ ಮೇಲೆ ಅರ್ಜಿ ಹೋಯಿತು. ಪರೀಕ್ಷೆಗೆ ತೆಗೆದು ಉಳಿದ ಸ್ಯಾಂಪಲ್ ಹಾಲು ಮಾರಿದ ದುಡ್ಡು ತಿಂದಿದ್ದಾಳೆ, ಯಂತ್ರ ಕೊಂಡದ್ದರಲ್ಲಿ ಕಮಿಷನ್ ಹೊಡೆದಿದ್ದಾಳೆ, ಬೇಕಾದವರಿಗೆ ಫ್ಯಾಟ್ ಏರಿಸಿ ಕೊಡುತ್ತಾಳೆ ಅಂತ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಪ್ರಕಾರ ವಿಚಾರಣೆ ಆಗಬೇಕು ಅಂತ ಕೇಳಿದ್ದರು. ಕಾಗದ ಓದಿದ ದಿನ ಕೈಕಾಲು ತಣ್ಣಗಾಯಿತು. ರಸೀದಿ, ನಗದು ಪುಸ್ತಕ, ದಾಸ್ತಾನು ಪುಸ್ತಕ ಎಲ್ಲವನ್ನೂ ಗಂಟು ಕಟ್ಟಿಕೊಂಡು ಕಚೇರಿಗೆ ಅಲೆದೆ. ಲೆಕ್ಕ ಸರಿ ಇದ್ದುದರಿಂದ ಏನೂ ಆಗಲಿಲ್ಲ. ಆದರೆ ವಿಚಾರಣೆ ನಡೆಯುವಷ್ಟು ದಿನ ಊರಿನ ಕಣ್ಣಿಗೆ ನಾನು ಕಳ್ಳಿಯೇ. ಹಾಲಿಲ್ಲದ ಸಂಘಕ್ಕೆ ಲಾಭ ಇಲ್ಲ, ಲಾಭ ಇಲ್ಲದೆ ಕಾರ್ಯದರ್ಶಿಗೆ ಸಂಬಳ ಇಲ್ಲ. ನಮ್ಮ ಯಜಮಾನರು ತೋಟದಲ್ಲಿ ಬಿದ್ದ ಕಾಯಿ ಮಾರಿ ಮನೆ ನಡೆಸಿದರು. ಒಂದು ದಿನವೂ "ಬಿಟ್ಟುಬಿಡು" ಅನ್ನಲಿಲ್ಲ. ಅದನ್ನು ನಾನು ಇಲ್ಲಿ ಬರೆಯಲೇಬೇಕು.

ಎಲ್ಲಕ್ಕಿಂತ ಕಠಿಣವಾಗಿದ್ದು ಮನೆಯೊಳಗಿನದು. ಓರಗಿತ್ತಿ ಮಾತು ಬಿಟ್ಟಳು. ಅವಳ ಮಗಳ ಸೀಮಂತಕ್ಕೆ ಊರಿಗೆಲ್ಲಾ ಕುಂಕುಮ ಹೋಯಿತು, ಪಕ್ಕದ ಗೋಡೆಯ ನಮಗೆ ಬರಲಿಲ್ಲ. ನಾನೇ ಎತ್ತಿ ಆಡಿಸಿದ ಹುಡುಗಿ ಅವಳು. ಒಳಗೆ ಸೋಬಾನೆ ಹೇಳುತ್ತಿದ್ದರೆ ನಾನು ಇತ್ತ ಡೈರಿ ಲೆಕ್ಕ ಬರೆಯುತ್ತಾ ಕೂತಿದ್ದೆ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಬದಲಾವಣೆ ತಂದವರು ಸಂಜೆಯಾದರೆ ಬೇರೆ ಊರಿನಂಥ ತಮ್ಮ ಮನೆಗೆ ಹೋಗಬಹುದು. ಹಳ್ಳಿಯ ಸಂಘದಲ್ಲಿ ಹಾಗಲ್ಲ. ಬೆಳಗ್ಗೆ ಯಾರ ಹಾಲಿಗೆ 2.9 ಅಂತ ಚೀಟಿ ಕೊಟ್ಟೆವೋ ಸಂಜೆ ಅವರ ಜೊತೆಯೇ ನಲ್ಲಿ ನೀರಿಗೆ ನಿಲ್ಲಬೇಕು.

ಅಷ್ಟು ಜನ ಬಿಟ್ಟು ಹೋದರೂ ಕೆಲವರು ಬಿಡಲಿಲ್ಲ. ಒಂದು ಲೀಟರು, ಒಂದೂವರೆ ಲೀಟರು ತರುವ ಹೆಂಗಸರು. ಒಬ್ಬ ಅಜ್ಜಿ ಮಳೆ, ಚಳಿ ಯಾವುದಕ್ಕೂ ತಪ್ಪಿಸಲಿಲ್ಲ. "ಯಾಕಜ್ಜಿ, ವ್ಯಾನಿನೋರು ಜಾಸ್ತಿ ಕೊಡ್ತಾರಲ್ಲ?" ಅಂತ ನಾನೇ ಕೇಳಿದೆ. "ಅವ್ನು ಇವತ್ತು ಬತ್ತಾನೆ, ನಾಳೆ ಬರ್ದೆ ಇದ್ರೆ ನಾನೆಲ್ಲಿಗ್ ಹೋಗ್ಲವ್ವ" ಅಂದಳು. ಅವರ ಆ ಪುಟ್ಟ ಪಾತ್ರೆಗಳೇ ಸಂಘವನ್ನು ಉಳಿಸಿದವು. ಹಾಲು ಸಾಗಾಣಿಕೆ ನಿಲ್ಲದ ಹಾಗೆ ನೋಡಿಕೊಳ್ಳಲು ಅಧ್ಯಕ್ಷೆ ಪಕ್ಕದ ಊರಿನ ಸಂಘದವರ ಜೊತೆ ಮಾತಾಡಿ, ನಮ್ಮ ಕ್ಯಾನುಗಳನ್ನು ಅಲ್ಲಿಗೆ ಸಾಗಿಸುವ ಏರ್ಪಾಡು ಮಾಡಿದರು. ಅವರ ಮಗನೇ ಮೋಪೆಡ್ ಮೇಲೆ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ.

ಹಾಲು ಕಡಿಮೆಯಾದ ಆ ಬಿಡುವಿನಲ್ಲಿ ನಮಗೆ ಯೋಚಿಸೋಕೆ ಸಮಯ ಸಿಕ್ಕಿತು. ಜನರ ಸಿಟ್ಟು ಪರೀಕ್ಷೆಯ ಮೇಲಿಲ್ಲ, ಕಾಣದಂತೆ ನಡೆಯುವ ಪರೀಕ್ಷೆಯ ಮೇಲಿದೆ ಅಂತ ಅಧ್ಯಕ್ಷೆ ಹೇಳಿದರು. ಯಂತ್ರ ಒಳಗಿನ ಮೇಜಿನ ಮೇಲಿತ್ತು, ಪರದೆ ನನ್ನ ಕಡೆಗಿತ್ತು. ಹೊರಗೆ ನಿಂತವಳಿಗೆ ಕಾಣುತ್ತಿದ್ದದ್ದು ನನ್ನ ಬೆನ್ನು ಮಾತ್ರ. ಮರುದಿನವೇ ಮೇಜನ್ನು ಕಿಟಕಿಗೆ ಎಳೆದು, ಪರದೆಯನ್ನು ಹೊರಕ್ಕೆ ತಿರುಗಿಸಿದೆವು. ಬಟ್ಟಲಿಗೆ ಹಾಲು ತೆಗೆಯುವುದು, ನಳಿಕೆ ಅದ್ದುವುದು, ಅಂಕಿ ಬರುವುದು ಎಲ್ಲಾ ಅವರ ಕಣ್ಣೆದುರೇ. ಸ್ಯಾಂಪಲ್ ಹಾಲು ಎಷ್ಟು ಉಳಿಯಿತು, ಮಾರಿದ್ದಕ್ಕೆ ಎಷ್ಟು ಬಂತು ಅಂತ ಬಾಗಿಲ ಪಕ್ಕದ ಹಲಗೆಯಲ್ಲಿ ಪ್ರತಿದಿನ ಸೀಮೆಸುಣ್ಣದಲ್ಲಿ ಬರೆದೆವು. ನನ್ನ ಮೇಲೆ ಬಂದ ಅರ್ಜಿಯ ಮೊದಲ ಆರೋಪವೇ ಅದಲ್ಲವಾ.

ಇನ್ನೊಂದು ಕೆಲಸ ಮಾಡಿದೆವು. ಯಂತ್ರದ ಮೇಲೆ ನಂಬಿಕೆ ಇಲ್ಲದವರು ಯಾರಾದರೂ ಭಾನುವಾರ ತಮ್ಮ ಹಾಲು ತರಬಹುದು, ಹಳೆಯ ಗರ್ಬರ್ ಪದ್ಧತಿಯಲ್ಲಿ ಎಲ್ಲರೆದುರು ಪರೀಕ್ಷೆ ಮಾಡುತ್ತೇವೆ ಅಂತ ಟಾಂಟಾಂ ಹೊಡೆಸಿದೆವು. ತಮಾಷೆ ನೋಡಲು ವ್ಯಾನಿಗೆ ಹಾಲು ಹಾಕುವವರೂ ಬಂದರು. ಬ್ಯುಟಿರೋಮೀಟರ್ ಅನ್ನುವ ಗಾಜಿನ ಬುರುಡೆಗೆ 10 ಮಿಲಿ ಗಂಧಕಾಮ್ಲ, ಅದರ ಮೇಲೆ ಮೆಲ್ಲಗೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಹಾಲು ಕಪ್ಪಗಾಗುತ್ತದೆ, ಗಾಜು ಕೈ ಸುಡುವಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿಯೇ ಹಿಡಿಯಬೇಕು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಬಿಸಿನೀರಲ್ಲಿಟ್ಟು ತೆಗೆದಾಗ ಸಣ್ಣ ಕುತ್ತಿಗೆಯಲ್ಲಿ ಹೊಂಬಣ್ಣದ ಜಿಡ್ಡು ತಿಳಿಯಾಗಿ ನಿಂತಿರುತ್ತದೆ. ಪಕ್ಕದಲ್ಲಿ ಗೆರೆಗಳಿವೆ, ಓದು ಬರುವ ಯಾರಾದರೂ ಓದಬಹುದು. ನಾನು ಮುಟ್ಟಲಿಲ್ಲ. ನನ್ನ ಮೇಲೆ ಅರ್ಜಿ ಕೊಟ್ಟವರ ಮನೆಯ ಪಿಯುಸಿ ಓದುತ್ತಿದ್ದ ಹುಡುಗಿಯ ಕೈಗೇ ಕೊಟ್ಟೆವು. ಅವಳು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಎಣಿಸಿ ಅಂಕಿ ಹೇಳಿದಳು. ಯಂತ್ರದ ಚೀಟಿಯಲ್ಲೂ ಹತ್ತಿರ ಹತ್ತಿರ ಅದೇ ಇತ್ತು. ಒಂದು ಭಾನುವಾರ ಎರಡಕ್ಕೂ ವ್ಯತ್ಯಾಸ ಬಂದಾಗ ಯಂತ್ರವನ್ನು ಕ್ಯಾಲಿಬ್ರೇಶನ್‌ಗೆ ಕೊಟ್ಟು, ಆ ಬಟವಾಡೆಯ ಲೆಕ್ಕವನ್ನು ತಿದ್ದಿ ಹೆಚ್ಚುವರಿ ದುಡ್ಡು ಕೊಟ್ಟೆವು. ಆ ಒಂದು ತಿದ್ದುಪಡಿ ಸಭೆಯಲ್ಲಿ ನಾನು ಆಡಿದ ಎಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಈ ನಡುವೆ ಒಬ್ಬ ಹೆಣ್ಣುಮಗಳ ವಿಷಯ. ಅವಳ ಬೆಳಗಿನ ಹಾಲು ಯಾವಾಗಲೂ 3ರ ಕೆಳಗೆ. ನೀರು ಬೆರೆಸುತ್ತಾಳೆ ಅಂತ ಎಲ್ಲರೂ ಆಡಿಕೊಂಡರು. "ದೇವ್ರ ಮೇಲಾಣೆ, ಒಂದು ತೊಟ್ಟು ಬೆರೆಸಿಲ್ಲ ಅತ್ತಿಗೆ" ಅಂತ ಅತ್ತಳು. ಪಶುವೈದ್ಯರನ್ನು ಕರೆದುಕೊಂಡು ಹಾಲು ಕರೆಯುವ ಹೊತ್ತಿಗೆ ಅವಳ ಕೊಟ್ಟಿಗೆಗೆ ಹೋದೆ. ಮೂರು ಸಂಗತಿ ಕಂಡವು. ಸಂಜೆ ಮೂರೂವರೆಗೇ ಕರೆದು ಮುಗಿಸುತ್ತಿದ್ದಳು, ಬೆಳಗ್ಗೆ ಐದಕ್ಕೆ ಮತ್ತೆ. ರಾತ್ರಿಯ ಅಂತರ ಉದ್ದವಾದಷ್ಟು ಬೆಳಗಿನ ಹಾಲು ಹೆಚ್ಚು, ಜಿಡ್ಡು ಕಡಿಮೆ. ಇನ್ನೊಂದು, ಕೊನೆಯ ಹಾಲನ್ನೆಲ್ಲಾ ಕರುವಿಗೆ ಬಿಡುತ್ತಿದ್ದಳು. ಜಿಡ್ಡು ಜಾಸ್ತಿ ಇರುವುದು ಕೊನೆಗೆ ಇಳಿಯುವ ಹಾಲಿನಲ್ಲೇ. ಕೊಳವೆಬಾವಿ ಇದ್ದುದರಿಂದ ಬರೀ ಎಳೆ ನೇಪಿಯರ್ ಹುಲ್ಲು ಹಾಕುತ್ತಿದ್ದಳು, ಒಣ ಹುಲ್ಲು ಇರಲೇ ಇಲ್ಲ. ನಾರು ಕಡಿಮೆಯಾದರೆ ಫ್ಯಾಟ್ ಬೀಳುತ್ತದೆ. ಕರುವಿಗೆ ಮೊದಲೇ ಒಂದು ಮೊಲೆ ಬಿಟ್ಟುಕೊಡು, ಕೊನೆಯದನ್ನು ನೀನು ಕರೆದುಕೋ, ಸಂಜೆ ಸ್ವಲ್ಪ ತಡಮಾಡು, ಹಸಿ ಹುಲ್ಲಿನ ಜೊತೆ ರಾಗಿ ಹುಲ್ಲು ಕೊಡು, ಖನಿಜ ಮಿಶ್ರಣ ಹಾಕು ಅಂತ ವೈದ್ಯರು ಹೇಳಿದರು. ಕೆಲವು ವಾರ ಕಳೆಯುವ ಹೊತ್ತಿಗೆ ಅವಳ ಚೀಟಿಯಲ್ಲಿ 3.6 ಬಂತು. ಆ ಚೀಟಿಯನ್ನು ಅವಳು ಓಣಿಯ ಪ್ರತಿ ಮನೆಗೂ ತೋರಿಸಿ ಬಂದಳು.

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬೇರೆಯಾಯಿತು. ಯಾರದಾದರೂ ಅಂಕಿ ಬಿದ್ದರೆ ಮೊದಲು ಕೊಟ್ಟಿಗೆಗೆ ಹೋಗುವುದು, ಆಮೇಲೆ ಮಾತು. ಹಾಲು ಕೆಡಿಸುತ್ತಿದ್ದವರೂ ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಬಿದ್ದ ಅಂಕಿಗಳಲ್ಲಿ ಬಹಳಷ್ಟು ಕೊಟ್ಟಿಗೆಯ ಕಾರಣಕ್ಕೆ ಬಿದ್ದವು. ಹಸಿವಿನಲ್ಲಿದ್ದ ಹಸುವಿನ ತಪ್ಪಿಗೆ ಹೆಂಗಸನ್ನು ಕಳ್ಳಿ ಅನ್ನುವುದು ಎಂಥ ಪಾಪ!

2013ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದು, ಹಾಲಿನ ಪ್ರೋತ್ಸಾಹಧನವನ್ನು ಲೀಟರಿಗೆ 2 ರೂಪಾಯಿಯಿಂದ 4 ರೂಪಾಯಿಗೆ ಏರಿಸಿತು. 2008ರಲ್ಲಿ ಶುರುವಾದ ಯೋಜನೆ ಅದು. ಸಹಕಾರ ಸಂಘಕ್ಕೆ ಹಾಲು ಹಾಕಿದವರಿಗೆ ಮಾತ್ರ ಸಿಗುತ್ತದೆ, ವ್ಯಾನಿಗೆ ಹಾಕಿದವರಿಗೆ ಇಲ್ಲ. ಆಮೇಲೆ ಮಳೆಯೂ ಬಂತು, ಹುಲ್ಲು ಚಿಗುರಿತು, ಎಲ್ಲರ ಮನೆಯಲ್ಲೂ ಹಾಲು ಹೆಚ್ಚಿತು. ಹಾಲು ಹೆಚ್ಚಾದ ಕೂಡಲೇ ವ್ಯಾನಿನವರು ದರ ಇಳಿಸಿದರು. ಸಂಜೆ ಹಾಲು ಬೇಡ ಅಂದರು. ಒಂದು ದಿನ ಬರಲೇ ಇಲ್ಲ. ಅಜ್ಜಿ ಹೇಳಿದ್ದು ಹಾಗೇ ನಡೆಯಿತು. ನಮ್ಮ ಬದಲಾವಣೆ ಗೆದ್ದದ್ದು ನಮ್ಮೊಬ್ಬರ ಛಲದಿಂದ ಅಂತ ನಾನು ಎಲ್ಲೂ ಹೇಳುವುದಿಲ್ಲ. ಸರ್ಕಾರದ ಆ 4 ರೂಪಾಯಿ ಇಲ್ಲದಿದ್ದರೆ, ಮಳೆ ಆಗದಿದ್ದರೆ ಏನಾಗುತ್ತಿತ್ತೋ. ಆದರೆ ಬಿಟ್ಟು ಹೋದವರು ವಾಪಸ್ ಬರುವ ಹೊತ್ತಿಗೆ ಬಾಗಿಲು ತೆರೆದಿತ್ತು, ಕಿಟಕಿಯಲ್ಲಿ ಪರದೆ ಹೊರಗೆ ನೋಡುತ್ತಿತ್ತು. ಅಷ್ಟು ನಮ್ಮ ಕೈಯಲ್ಲಿತ್ತು, ಅದನ್ನು ಮಾಡಿದ್ದೆವು.

ಬಂದವರಿಂದ ದಂಡ ಕಟ್ಟಿಸಿಕೊಳ್ಳಬೇಕು ಅಂತ ಮಂಡಳಿಯಲ್ಲಿ ಜೋರು ಚರ್ಚೆ ಆಯಿತು. ಕಷ್ಟಕಾಲದಲ್ಲಿ ಜೊತೆಗಿದ್ದ ಹೆಂಗಸರಿಗೆ ಸಿಟ್ಟಿತ್ತು, ಅದು ನ್ಯಾಯವೇ. ಅಧ್ಯಕ್ಷೆ ಎರಡೂ ಕಡೆಯ ಮಾತು ಕೇಳಿ, ಬಿಟ್ಟು ಹೋದವರಿಗೆ ದಂಡ ಬೇಡ, ಉಳಿದವರಿಗೆ ಬೋನಸ್ಸಿನಲ್ಲಿ ಹೆಚ್ಚು ಸಿಗುತ್ತದಲ್ಲ ಅಂದರು. ಬೋನಸ್ಸು ವರ್ಷದಲ್ಲಿ ಹಾಕಿದ ಹಾಲಿನ ಲೆಕ್ಕಕ್ಕೆ ಬರುವುದರಿಂದ ಅದು ತಾನೇ ಆಗಿಹೋಯಿತು. ಆ ವರ್ಷ ಅಜ್ಜಿಯ ಕೈಗೆ ಬೋನಸ್ ಕವರ್ ಕೊಡಲು ವೇದಿಕೆಗೆ ಕರೆದಾಗ ಚಪ್ಪಾಳೆ ಹೊಡೆದವರಲ್ಲಿ ವ್ಯಾನಿಗೆ ಹಾಲು ಹಾಕಿದವರೂ ಇದ್ದರು.

ಎಲ್ಲವೂ ಸರಿಹೋಗಲಿಲ್ಲ. ಕೆಲವು ಮನೆಗಳು ಹಸು ಮಾರಿದವು. ಮೊದಲ ಬಟವಾಡೆಯಲ್ಲಿ ದುಡ್ಡು ಕಡಿಮೆ ಬಂದಿದ್ದ ನಿರ್ದೇಶಕಿ ರಾಜೀನಾಮೆ ಕೊಟ್ಟರು, ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. ಓರಗಿತ್ತಿಯ ಮನೆಯ ಹಾಲು ಈಗ ಅವಳ ಸೊಸೆ ತರುತ್ತಾಳೆ, ಒಳ್ಳೆಯ ಹಾಲು, ನಗುತ್ತಾ ಮಾತಾಡುತ್ತಾಳೆ. ಓರಗಿತ್ತಿಗೂ ನನಗೂ ಮಾತು ಬಂದಿದೆ, ಮೊದಲಿನ ಸಲಿಗೆ ಬಂದಿಲ್ಲ. ಅದಕ್ಕೆ ನನಗೆ ಇವತ್ತಿಗೂ ಸಂಕಟ ಇದೆ.

ಫೋನ್ ಮಾಡುವ ಹೊಸ ಕಾರ್ಯದರ್ಶಿಗಳಿಗೆ ಪರದೆ ಹೊರಕ್ಕೆ ತಿರುಗಿಸಿ, ಸ್ಯಾಂಪಲ್ ಹಾಲಿನ ಲೆಕ್ಕ ಹಲಗೆ ಮೇಲೆ ಬರೆಯಿರಿ, ಅಂಕಿ ಬಿದ್ದರೆ ಕೊಟ್ಟಿಗೆಗೆ ಹೋಗಿ ಅನ್ನುತ್ತೇನೆ. ಅವರು ಅದನ್ನು ಮಾಡುತ್ತಾರೆ. ಆದರೆ ಅವರ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ: "ಸಂಬಳ ನಿಂತಾಗ ಏನು ಮಾಡಲಿ ಅಕ್ಕ?" ಹಳ್ಳಿಯ ಸಂಘದ ಕಾರ್ಯದರ್ಶಿ ಒಕ್ಕೂಟದ ನೌಕರಳಲ್ಲ, ಸಂಘದ ನೌಕರಳು. ಅವಳ ಸಂಬಳ ಸಂಘದ ಲಾಭದಿಂದ ಬರಬೇಕು. ಗುಣಮಟ್ಟ ಏರಿಸು ಅಂತ ಮೇಲಿನಿಂದ ಆದೇಶ ಬರುತ್ತದೆ, ಏರಿಸಲು ಹೋದ ತಿಂಗಳುಗಳಲ್ಲಿ ಹಾಲು ಬಿದ್ದರೆ ಅವಳ ಮನೆಯ ಒಲೆಗೇ ಕುತ್ತು. ನಮ್ಮ ಮನೆಗೆ ತೋಟವಿತ್ತು, ತಡೆದುಕೊಂಡೆವು. ಗಂಡ ಇಲ್ಲದ, ಜಮೀನಿಲ್ಲದ ಕಾರ್ಯದರ್ಶಿ ಏನು ಮಾಡಬೇಕು? ಇಂಥ ಬದಲಾವಣೆ ನಡೆಯುವ ಅವಧಿಗಾದರೂ ಅವಳ ಸಂಬಳಕ್ಕೆ ಒಕ್ಕೂಟ ಹೊಣೆ ಹೊರಬೇಕು. ಇದನ್ನು ನಾನು ಪ್ರತಿ ತರಬೇತಿಯಲ್ಲೂ ಎದ್ದು ನಿಂತು ಕೇಳಿದ್ದೇನೆ, ಮುಂದೆಯೂ ಕೇಳುತ್ತೇನೆ.